ತುಕ್ಕು ಹಿಡಿಯದ ಚಾಸಿ

ಲೌರಿಂಡೊ ತೋಸ್ತೆ ಸಾಯುವ ಮೊದಲೇ ಎಲ್ಲವನ್ನೂ ಹಂಚಿಟ್ಟಿದ್ದ. ಹಸುಗಳು ಮತ್ತು ಡೇರಿ ದೊಡ್ಡ ಮಗ ಸೆರಾಫಿಮನಿಗೆ. ತುಲೇರಿ ಪಟ್ಟಣದ ಅಂಚಿನ ಜಾಗ, ಅದರ ಮೇಲಿನ ತಗಡಿನ ಶೆಡ್ಡು ಚಿಕ್ಕವನಾದ ಡೆಲಿಯೊನಿಗೆ. ಡೆಲಿಯೊ ಮೊದಲಿನಿಂದಲೂ ಆ ಶೆಡ್ಡಿನಲ್ಲಿ ಗಾಡಿಗಳ ಟಿಂಕರಿಂಗ್, ಪೇಂಟಿಂಗ್ ಮಾಡಿಕೊಂಡಿದ್ದವನು. ಹಂಚಲು ಬಾರದೆ ಉಳಿದದ್ದು ಒಂದೇ, ನಲವತ್ತಾರನೇ ಇಸವಿಯ ಫೋರ್ಡ್ ಪಿಕಪ್ ಟ್ರಕ್ಕು. ಅದನ್ನು ಮುದುಕ ಇಬ್ಬರ ಹೆಸರಿಗೂ ಮಾಡಿಸಿ ಕಣ್ಣು ಮುಚ್ಚಿದ.

ಹದಿನೇಳರ ಹುಡುಗನಾಗಿ ಸಮುದ್ರದಾಚೆಯ ತೆರ್ಸೈರಾ ದ್ವೀಪದಿಂದ ಬಂದು ಪರರ ಹಸು ಕರೆದು ಬದುಕಿದವನು ಲೌರಿಂಡೊ. ಈ ದೇಶದಲ್ಲಿ ತನ್ನದು ಎಂದು ಅವನು ಕೊಂಡ ಮೊದಲ ವಸ್ತುವೇ ಆ ಟ್ರಕ್ಕು. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಹೊಸದಾಗಿ ಹುಟ್ಟಿದ ಕರು, ಮದುವೆಯಾದ ದಿನ ಹೆಂಡತಿ, ಎಲ್ಲವೂ ಅದರಲ್ಲೇ ಬಂದವು. ಹಾಗಾಗಿ ಸೆರಾಫಿಮನಿಗೆ ಅದರ ಮೇಲೆ ಒಂದು ಬಗೆಯ ಭಕ್ತಿ.

"ಡೆಲೀ, ಓಡೋ ಹಾಗೆ ಮಾಡು, ತೊಳೆದಿಡು, ಅಷ್ಟು ಸಾಕು. ಮಿಕ್ಕಿದ್ದು ಅಪ್ಪ ಹೆಂಗಿಟ್ಟಿದ್ನೋ ಹಂಗೇ ಇರ್ಲಿ," ಎಂದಿದ್ದ.

ಡೆಲಿಯೊನ ಆಸೆಯೇ ಬೇರೆ. ಹರೆಯದಲ್ಲಿ ಶನಿವಾರ ಸಂಜೆ ಪಟ್ಟಣದ ಮುಖ್ಯರಸ್ತೆಯಲ್ಲಿ ಹಳೇ ಗಾಡಿಗಳ ಮೆರವಣಿಗೆಯನ್ನು ಬಾಯಿ ಬಿಟ್ಟುಕೊಂಡು ನೋಡಿದವನು ಅವನು. ಚಾವಣಿ ಕತ್ತರಿಸಿ ಕುಳ್ಳಾಗಿಸಿದ, ನೆಲಕ್ಕೆ ಹೊಟ್ಟೆ ತಾಗುವಷ್ಟು ಇಳಿಸಿದ, ಕನ್ನಡಿಯಂತೆ ಹೊಳೆಯುವ, ಹುಲಿಯಂತೆ ಗುರುಗುಟ್ಟುವ ಗಾಡಿಗಳು. ಸ್ಟ್ರೀಟ್ ರಾಡ್ ಎಂದು ಅವುಗಳ ಹೆಸರು. ಮೂವತ್ತು ವರ್ಷ ಅಂಥವನ್ನು ಪರರಿಗೆ ಮಾಡಿಕೊಟ್ಟಿದ್ದ. ಯಾರದೋ ಮಗಳ ಮದುವೆಯ ಉಡುಪು ಹೊಲಿಯುತ್ತ ಮುದುಕಿಯಾದ ದರ್ಜಿಯಂತೆ ಅವನ ಬಾಳೆಲ್ಲ ಕಳೆದಿತ್ತು. ತನ್ನದು ಎಂಬುದು ಒಂದೂ ಇರಲಿಲ್ಲ.

ಎರಡು ಸಲ ಕೇಳಿ ನೋಡಿದ.

"ಅಣ್ಣಾ, ತಲೆ ಸ್ವಲ್ಪ ಕತ್ತರಿಸಿ ಇಳಿಸ್ತೀನಿ. ಹೊಸ ಚಾಸಿ ಮೇಲೆ ಕೂರಿಸಿ, ಒಳ್ಳೆ ಎಂಜಿನ್ ಹಾಕ್ತೀನಿ. ನೋಡಿದ್ರೆ ನೀನೇ ಕಣ್ಣು ಮಿಟುಕಿಸಲ್ಲ."

"ತಲೆ ಕತ್ತರಿಸೋಕೆ ಅದೇನು ಕೋಳೀನಾ? ಬೇಡ ಅಂದ್ಮೇಲೆ ಬೇಡ ಕಣೋ."

ಎರಡನೇ ಸಲ ಕೇಳಿದಾಗ ಸೆರಾಫಿಮ್ ಹಸು ಹೊಡೆದುಕೊಂಡು ಹೊರಟೇಹೋದ.

ಆಗ ಟ್ರಕ್ಕು ಆಗಲೇ ಡೆಲಿಯೊನ ಶೆಡ್ಡಿಗೆ ಬಂದಿತ್ತು. ಅವನು ಅದನ್ನು ಎತ್ತಿ ನಿಲ್ಲಿಸಿ ಕೆಳಗೆ ಮಲಗಿ ದೀಪ ಹಿಡಿದು ನೋಡಿದ. ಗಾಡಿಯ ಭಾರವೆಲ್ಲ ಹೊರುವ ಕಬ್ಬಿಣದ ಚೌಕಟ್ಟಾದ ಚಾಸಿಯ ಮೇಲೆ ಅರವತ್ತು ವರ್ಷದ ಗ್ರೀಸು, ಧೂಳು ಸೇರಿ ಗಟ್ಟಿಯಾಗಿ ಕೂತಿತ್ತು. ಕೆರೆದು ನೋಡಿದರೆ ಅದರಡಿ ಕಬ್ಬಿಣ ನಿನ್ನೆ ಮೊನ್ನೆ ಬಣ್ಣ ಹಚ್ಚಿದಂತೆ ಕರ್ರಗೆ ಇತ್ತು. ಒಂದು ಸೂಜಿಮೊನೆಯಷ್ಟೂ ತೂತಿರಲಿಲ್ಲ. ಯಾರಾದರೂ ನೋಡಿ ಹಿಗ್ಗಬೇಕಾದ ಮಾತು. ಡೆಲಿಯೊನಿಗೆ ಹಿಗ್ಗಾಗಲಿಲ್ಲ. ಚಾಸಿ ಕೆಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಿಸಿತು.

ಆ ಅನ್ನಿಸಿಕೆಯೇ ಅವನನ್ನು ಮರುದಿನ ಗುಜರಿಗೆ ಕರೆದುಕೊಂಡು ಹೋಯಿತು. ಸಮುದ್ರದ ಕಡೆಯಿಂದ ಬಂದ ಯಾವುದೋ ಲಾರಿಯ ಚಾಸಿ ಅಲ್ಲಿ ಬಿದ್ದಿತ್ತು. ಉಪ್ಪುಗಾಳಿ ತಿಂದು ಜೇನುಗೂಡಿನಂತಾಗಿತ್ತು. ಅದರಿಂದ ಮೊಳದುದ್ದ ತುಂಡು ಕತ್ತರಿಸಿಕೊಂಡು ಬಂದ.

ಮಧ್ಯಾಹ್ನ ಹಾಲು ಕರೆಯುವ ಹೊತ್ತಿಗೆ ಡೇರಿಗೆ ಹೋದ. ಸೆರಾಫಿಮ್ ರಬ್ಬರ್ ಬೂಟು ಹಾಕಿಕೊಂಡು ಹಸುಗಳ ಕೆಚ್ಚಲು ತೊಳೆಯುತ್ತಿದ್ದ. ಹಸುವಿನ ಗೊರಸು ನೋಡಿ ಕಾಯಿಲೆ ಹೇಳುವಷ್ಟು ಜಾಣ, ಆದರೆ ಗಾಡಿ ವಿಷಯದಲ್ಲಿ ಎಣ್ಣೆ ಎಲ್ಲಿ ಹಾಕಬೇಕು ಎಂಬುದೂ ಗೊತ್ತಿಲ್ಲದವನು. ಡೆಲಿಯೊ ತುಂಡನ್ನು ಅವನ ಕೈಗಿಟ್ಟ.

"ನೋಡು."

ಬೆರಳು ತಾಗಿದ ಕೂಡಲೇ ತುಕ್ಕು ಹಪ್ಪಳದಂತೆ ಪದರ ಪದರವಾಗಿ ಉದುರಿತು.

"ಇದು ಅಪ್ಪನ ಗಾಡೀದಾ?"

"ಹೂಂ. ಚಾಸಿ ಪೂರ್ತಿ ಹಿಂಗೇ ಆಗಿದೆ. ಹೊಸದು ಹಾಕದೆ ರಸ್ತೆಗೆ ಇಳಿಸೋ ಹಾಗೇ ಇಲ್ಲ. ಚಾವಣಿ ಕಂಬಾನೂ ಹೋಗಿದೆ, ಕತ್ತರಿಸಲೇಬೇಕು."

ಸೆರಾಫಿಮ್ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದ. "ಅಲ್ವೋ, ಈ ಊರಲ್ಲಿ ಮಳೆ ಅನ್ನೋದೇ ಅಪರೂಪ. ಅಪ್ಪ ಒಂದಿನಾನೂ ಅದನ್ನ ಬಯಲಲ್ಲಿ ಬಿಟ್ಟೋನಲ್ಲ. ಹೆಂಗೆ ಹಿಡೀತು ತುಕ್ಕು?"

ಈ ಪ್ರಶ್ನೆಗೆ ಡೆಲಿಯೊ ತಯಾರಾಗಿರಲಿಲ್ಲ. ಎದುರಿಗೆ ಒಂದು ಹಸು ಬಾಲವೆತ್ತಿ ನಿಂತಿತ್ತು. ಬಾಯಿಗೆ ಬಂದದ್ದನ್ನು ಅಂದುಬಿಟ್ಟ.

"ಗಂಜಲ ಅಣ್ಣಾ. ಗಂಜಲದ ಉಪ್ಪು ಕಬ್ಬಿಣಾನ ತಿಂದುಹಾಕತ್ತೆ."

ಸೆರಾಫಿಮನ ಮುಖದ ರಕ್ತವೆಲ್ಲ ಇಳಿದುಹೋಯಿತು. ಅಪ್ಪ ಹಾಸಿಗೆ ಹಿಡಿದ ಮೇಲೆ ಸೆರಾಫಿಮನ ಹೆಂಡತಿ ಜುಲ್ಮೀರಾ ಮಾಂಸ ಇಡಲು ದೊಡ್ಡ ಫ್ರೀಜರ್ ಕೊಂಡಿದ್ದಳು. ಅದಕ್ಕೆ ಜಾಗ ಮಾಡಲು ಟ್ರಕ್ಕನ್ನು ಮನೆಯ ಗ್ಯಾರೇಜಿನಿಂದ ತೆಗೆದು ಕರುಗಳ ಕೊಟ್ಟಿಗೆಯ ಮಾಡಿನ ಕೆಳಗೆ ನಿಲ್ಲಿಸಿದ್ದರು. ಕೊಟ್ಟಿಗೆ ತೊಳೆದ ನೀರು ಆ ಕಡೆಗೇ ಹರಿಯುತ್ತಿತ್ತು.

"ಅಲ್ಲಿ ನಿಲ್ಲಿಸ್ದೋನು ನಾನೇ ಅಲ್ವೇನೋ," ಎಂದ ಸೆರಾಫಿಮ್. "ಅಪ್ಪ ಐವತ್ತು ವರ್ಷ ಕಾಪಾಡ್ಕೊಂಡು ಬಂದ. ನಾನು ನಾಕು ವರ್ಷದಲ್ಲಿ ಕೊಳೆಸಿಬಿಟ್ಟೆ."

ಇಲ್ಲ ಎನ್ನಲು ಡೆಲಿಯೊನಿಗೆ ಆಗ ಸಮಯವಿತ್ತು. ಸಂಜೆಯವರೆಗೂ ಇತ್ತು. ಸೆರಾಫಿಮ್ ಟೋಪಿ ತೆಗೆದು ಹಣೆಯ ಬೆವರು ಒರೆಸಿಕೊಂಡ.

"ಏನು ಮಾಡ್ಬೇಕೋ ಮಾಡಪ್ಪಾ. ಉಳಿಸೋದು ಮುಖ್ಯ. ಈ ತುಂಡು ನನ್ ಹತ್ರ ಇರ್ಲಿ."

ಅದನ್ನು ಅವನು ಹಾಲಿನ ಕೋಣೆಯ ಕಿಟಕಿಯ ಮೇಲೆ ಇಟ್ಟುಕೊಂಡ.

ಡೆಲಿಯೊ ಅಪ್ಪನ ಚಾಸಿ, ಹಳೇ ಎಂಜಿನ್ನು, ಸಾಮಾನು ಹೇರುವ ಹಿಂದಿನ ತೊಟ್ಟಿ ಎಲ್ಲವನ್ನೂ ಎಕ್ಸೆಟರ್ ಊರಿನ ಕರ್ಟಿಸ್ ಹಾಗನ್ ಎಂಬವನಿಗೆ ಸಾಗಿಸಿದ. ಹಳೇ ಗಾಡಿಗಳನ್ನು ಮೊದಲಿದ್ದಂತೆಯೇ ಮಾಡಿ ನಿಲ್ಲಿಸುವ ಹುಚ್ಚು ಅವನಿಗೆ. ಆಮೇಲೆ ಡೆಲಿಯೊ ಹೊಸ ಚಾಸಿ, ಎಂಜಿನ್ನು ತರಿಸಿ ಕೆಲಸಕ್ಕೆ ಕೂತ. ಚಾವಣಿಯ ಕಂಬಗಳಿಂದ ನಾಲ್ಕು ಬೆರಳಗಲ ಕತ್ತರಿಸಿ ಮತ್ತೆ ಬೆಸೆದ. ಬಾಗಿಲಿನ ಹಿಡಿಕೆ ಕಿತ್ತು ನುಣ್ಣಗೆ ಮಾಡಿದ. ಹೊಸ ತೊಟ್ಟಿಗೆ ಓಕ್ ಮರದ ಹಲಗೆ ಹಾಸಿ ಪಾಲಿಶ್ ಹಾಕಿದ. ಬಣ್ಣ, ಬಲಿತ ನೇರಳೆ ಹಣ್ಣಿನದು. ಹಚ್ಚುವುದು, ಉಜ್ಜುವುದು, ಮತ್ತೆ ಹಚ್ಚುವುದು. ಕೈ ಕೆಲಸ ಮಾಡುತ್ತಿರುವಷ್ಟು ಹೊತ್ತು ಮನಸ್ಸು ಹಗುರ. ಕೈ ನಿಂತರೆ ಅಣ್ಣನ ಬಿಳುಚಿದ ಮುಖ ಎದುರಿಗೆ ಬರುತ್ತಿತ್ತು.

ಸೆರಾಫಿಮ್ ಸಿಕ್ಕಿದವರಿಗೆಲ್ಲ ತನ್ನ ತಪ್ಪನ್ನೇ ಹೇಳುತ್ತಿದ್ದ. ಈಸ್ಟರ್ ಊಟಕ್ಕೆ ನೆಂಟರೆಲ್ಲ ಸೇರಿದ್ದಾಗ ವೈನಿನ ಲೋಟ ಎತ್ತಿ, "ನಾನು ಹಾಳು ಮಾಡ್ದೆ, ನನ್ ತಮ್ಮ ಉಳಿಸ್ದ. ಇಂಥ ತಮ್ಮ ಎಲ್ರಿಗೂ ಇರ್ಲಿ," ಎಂದ. ಎಲ್ಲರೂ ಲೋಟ ಎತ್ತಿದರು. ಜುಲ್ಮೀರಾ ಮಾತ್ರ ಲೋಟ ಎತ್ತದೆ ತಟ್ಟೆ ತೆಗೆದುಕೊಂಡು ಒಳಗೆ ಹೋದದ್ದನ್ನು ಡೆಲಿಯೊ ನೋಡಿದ. ಯಾಕೆಂದು ಆಗ ತಿಳಿಯಲಿಲ್ಲ.

ಇಗರ್ಜಿಯಲ್ಲಿ, ಪಾಪ ಒಪ್ಪಿಕೊಳ್ಳದವನು ತೆಗೆದುಕೊಳ್ಳಬಾರದ ಪ್ರಸಾದಕ್ಕೆ ಸಾಲು ನಿಲ್ಲುವುದನ್ನೂ ಬಿಟ್ಟ. ಹೆಂಡತಿ ನೊರೀನ್ ಕೇಳಿದರೆ ಮಂಡಿನೋವು ಎಂದ.

"ಗಾಡಿ ಕೆಳಗೆ ದಿನಾ ಅಂಗಾತ ಮಲಗಿ ಏಳ್ತೀಯ, ಆಗಿಲ್ದ ಮಂಡಿನೋವು ದೇವರ ಮುಂದೆ ಎಲ್ಲಿಂದ ಬರತ್ತೆ?" ಎಂದಳು ಅವಳು. ಕುಂಬಳಕಾಯಿ ಕಳ್ಳನಂತೆ ಅವನು ಹೆಗಲು ಮುಟ್ಟಿ ನೋಡಿಕೊಂಡ.

ಎರಡನೇ ವರ್ಷದ ವಸಂತದಲ್ಲಿ ಟ್ರಕ್ಕು ತಯಾರಾಯಿತು. ಪಟ್ಟಣದ ಪಾರ್ಕಿನಲ್ಲಿ ಹಳೇ ಗಾಡಿಗಳ ಪ್ರದರ್ಶನ. ಓಕ್ ಮರಗಳ ನೆರಳಿನಲ್ಲಿ ಸಾಲಾಗಿ ಗಾಡಿಗಳು, ಪಕ್ಕದಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ಕೂತ ಮಾಲೀಕರು, ಎಲ್ಲಿಂದಲೋ ಸಾಸೇಜ್ ಸುಡುವ ವಾಸನೆ. ಸೆರಾಫಿಮ್ ಭಾನುವಾರದ ಶರ್ಟು ಹಾಕಿಕೊಂಡು ಬಂದಿದ್ದ. ಟ್ರಕ್ಕಿನ ಸುತ್ತ ನಾಲ್ಕು ಸುತ್ತು ಬಂದ. ಬಣ್ಣಕ್ಕೆ ಕೈ ತಾಗಿಸಲು ಹೋಗಿ ಹಿಂದಕ್ಕೆಳೆದುಕೊಂಡ.

"ನಮ್ ಗಾಡೀನಾ ಇದು? ಮದುವಣಗಿತ್ತಿ ಹಂಗೆ ಮಾಡಿದೀಯಲ್ಲೋ!"

ಅವನ ಕಣ್ಣು ಒದ್ದೆಯಾಗಿತ್ತು. ಡೆಲಿಯೊ ಬಟ್ಟೆ ತೆಗೆದುಕೊಂಡು, ಕೊಳೆಯಿಲ್ಲದ ಕನ್ನಡಿಯನ್ನು ಒರೆಸತೊಡಗಿದ.

ಅಷ್ಟರಲ್ಲಿ ಕರ್ಟಿಸ್ ಹಾಗನ್ ಬಂದ. ದೊಡ್ಡ ಹೊಟ್ಟೆಯ, ದೊಡ್ಡ ಬಾಯಿಯ ಮನುಷ್ಯ. ಅವನು ಬರುತ್ತಾನೆಂದು ಡೆಲಿಯೊನಿಗೆ ಗೊತ್ತಿರಬೇಕಿತ್ತು. ಗೊತ್ತಿತ್ತು ಕೂಡ. ಏನೂ ಆಗಲಿಕ್ಕಿಲ್ಲ ಎಂದುಕೊಂಡಿದ್ದ.

"ಓಹೋಹೋ, ಇದೇನಾ! ನೀವು ಡೆಲಿಯೊನ ಅಣ್ಣಾನಾ? ಮೂಗು ನೋಡಿದ್ರೇ ಗೊತ್ತಾಗತ್ತೆ. ನಿಮ್ ತಂದೆಗೆ ಕೈ ಮುಗೀಬೇಕು ಸ್ವಾಮಿ."

"ಯಾಕಪ್ಪಾ?"

"ಎಂಥ ಚಾಸಿ ಇಟ್ಟಿದ್ರು! ನಾನು ನಲವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ, ಈ ಜಿಲ್ಲೇಲಿ ಅಂಥ ಚಾಸಿ ಕಂಡಿಲ್ಲ. ಗ್ರೀಸು ಕೆರೆದೆ ಅಷ್ಟೆ. ಒಂದು ಚುಕ್ಕೆ ತುಕ್ಕು ಇಲ್ಲ, ಬೇಕಿದ್ರೆ ಅದರ ಮೇಲೆ ಊಟ ಹಾಕ್ಕೊಂಡು ತಿನ್ನಿ."

"ಯಾವ ಚಾಸಿ?" ಎಂದ ಸೆರಾಫಿಮ್.

"ಇದೇ ಗಾಡೀದು ಸ್ವಾಮಿ. ನಿಮ್ ತಮ್ಮ ನನಗೆ ಕೊಟ್ಟಿದ್ದು."

ಹೇಳಿ ಅವನು ಡೆಲಿಯೊನ ಬೆನ್ನು ಚಪ್ಪರಿಸಿ ಮುಂದಿನ ಗಾಡಿಗೆ ಹೋದ. ಸೆರಾಫಿಮ್ ತಮ್ಮನ ಕಡೆ ತಿರುಗಿದ. ಡೆಲಿಯೊನ ಕೈಯಲ್ಲಿ ಬಟ್ಟೆ ಹಾಗೇ ಇತ್ತು. ಬೈದಿದ್ದರೆ, ಕೆನ್ನೆಗೆ ಒಂದು ಬಾರಿಸಿದ್ದರೆ ಬದುಕಿಕೊಳ್ಳುತ್ತಿದ್ದೆ ಎನ್ನಿಸಿತು ಅವನಿಗೆ.

ಪಿಕಪ್ಪುಗಳಲ್ಲಿ ಮೊದಲ ಬಹುಮಾನ ಅವರ ಟ್ರಕ್ಕಿಗೇ ಬಂತು. ಮೈಕಿನಲ್ಲಿ ಇಬ್ಬರ ಹೆಸರನ್ನೂ ಕೂಗಿದರು. ಎರಡು ಮಾತಾಡಿ ಎಂದು ಮೈಕನ್ನು ದೊಡ್ಡವನ ಕೈಗೆ ಕೊಟ್ಟರು. ಈಗ ಹೇಳಿಬಿಡುತ್ತಾನೆ, ಊರೆದುರಿಗೆ ಹೇಳಿಬಿಡುತ್ತಾನೆ ಎಂದುಕೊಂಡ ಡೆಲಿಯೊ.

"ಇದರಲ್ಲಿ ನಂದೇನೂ ಇಲ್ಲ," ಎಂದ ಸೆರಾಫಿಮ್. "ಎಲ್ಲಾ ನನ್ ತಮ್ಮಾನೇ ಮಾಡಿದ್ದು."

ಜನ ಚಪ್ಪಾಳೆ ತಟ್ಟಿದರು.

ವಾಪಸು ಹೋಗುವಾಗ ಸೆರಾಫಿಮ್ ಟ್ರಕ್ಕಿನಲ್ಲೇ ಕೂತ. ಎತ್ತರದ ಆಳು, ಕುಳ್ಳಾದ ಚಾವಣಿ. ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡು, ಕತ್ತು ಬಗ್ಗಿಸಿ, ತಪ್ಪು ಮಾಡಿದ ಶಾಲೆಯ ಹುಡುಗನಂತೆ ಕೂತಿದ್ದ. ತಪ್ಪು ಮಾಡಿದವನು ಪಕ್ಕದಲ್ಲಿ ಆರಾಮವಾಗಿ ಸ್ಟೇರಿಂಗ್ ಹಿಡಿದಿದ್ದ. ಬಾದಾಮಿ ತೋಟಗಳು ದಾಟಿದವು. ಕಾಲುವೆ ದಾಟಿತು.

"ಹಾಲಿನ ಕೋಣೇಲಿ ಇಟ್ಟಿದೀನಲ್ಲ, ಅದು ಯಾರ ಗಾಡೀದು?"

"ಗುಜರೀದು ಅಣ್ಣಾ."

"ಯಾರದೋ ತುಕ್ಕಿಗೆ ದಿನಾ ಧೂಳು ಹೊಡೀತಿದ್ದೆ ಹಂಗಾದ್ರೆ."

ಡೆಲಿಯೊ ಗೇರು ಬದಲಿಸಿದ. ಅಣ್ಣನೇ ಮುಂದುವರಿಸಿದ.

"ಮತ್ತೆ ಕೇಳಿದ್ರೆ ಒಂದು ವಾರ ಬೇಡ ಅಂತಿದ್ದೆ. ಇನ್ನೊಂದು ವಾರ ಬಯ್ತಿದ್ದೆ. ಆಮೇಲೆ ಹೂಂ ಅಂತಿದ್ದೆ ಕಣೋ. ಚಿಕ್ಕಂದಿನಿಂದ ನೀನು ಕೇಳಿದ್ದು ಯಾವುದನ್ನ ನಾನು ಕೊಟ್ಟಿಲ್ಲ ಹೇಳು."

"ಇಲ್ಲ ಅಣ್ಣಾ. ಎಲ್ಲಾ ಕೊಟ್ಟಿದೀಯ."

"ಎರಡು ನವೆಂಬರ್, ಸತ್ತೋರ ಹಬ್ಬಕ್ಕೆ, ಅಪ್ಪನ ಸಮಾಧಿ ಮುಂದೆ ಮಂಡಿ ಊರಿ ಕ್ಷಮೆ ಕೇಳಿದೀನಿ. ನಿನ್ ಗಾಡಿ ಕೊಳೆಸ್ಬಿಟ್ಟೆ ಅಪ್ಪಾ ಅಂತ. ನೀನು ಪಕ್ಕದಲ್ಲೇ ಹೂವು ಹಿಡ್ಕೊಂಡು ನಿಂತಿದ್ದೆ."

ಡೆಲಿಯೊ ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿದ. ಕಣ್ಣು ಮಂಜಾಗಿ ದಾರಿ ಕಾಣುತ್ತಿರಲಿಲ್ಲ. "ತಪ್ಪಾಯ್ತು ಅಣ್ಣಾ," ಎಂದ. ಮಾತು ಹೊರಗೆ ಬಂದ ಮೇಲೆ ಅದೆಷ್ಟು ಚಿಕ್ಕದೆಂದು ನಾಚಿಕೆಯಾಯಿತು.

"ನನಗೇನು ಹೇಳ್ತೀಯ? ನಿಮ್ಮತ್ತಿಗೆಗೆ ಹೇಳು. ಫ್ರೀಜರ್ ಬೇಕು ಅಂದೋಳು ಅವಳು. ನಿನ್ನಿಂದ ಅಪ್ಪನ ಗಾಡಿ ಹೋಯ್ತು ಅಂತ ಎರಡು ವರ್ಷ ನಾನು ಅವಳನ್ನ ಚುಚ್ಚಿದೀನಿ. ಬಾಯಲ್ಲಿ ಹೇಳಿದ್ದು ಕಮ್ಮಿ, ಮುಖದಲ್ಲಿ ತೋರ್ಸಿದ್ದು ಜಾಸ್ತಿ." ಸೆರಾಫಿಮ್ ಕಿಟಕಿಯ ಕಡೆ ತಿರುಗಿದ. "ನಡಿ, ಗಾಡಿ ಬಿಡು."

ಜುಲ್ಮೀರಾ ಅಡುಗೆಮನೆಯಲ್ಲಿ ದೊಡ್ಡ ಪಾತ್ರೆಯಲ್ಲಿ ದನದ ಮಾಂಸದ ಸಾರು ಕುದಿಸುತ್ತಿದ್ದಳು. ಪುದೀನದ ಘಮ ಹಬ್ಬಿತ್ತು. ಗಟ್ಟಿಮುಟ್ಟಾದ ಹೆಂಗಸು, ಐವತ್ತು ಆಳಿಗೆ ಬೇಕಾದರೂ ಒಬ್ಬಳೇ ಅಡುಗೆ ಮಾಡಿ ಬಡಿಸುವವಳು. ಮೈದುನನ ಮುಖ ನೋಡಿ ಸೌಟು ಕೆಳಗಿಟ್ಟಳು.

"ಏನಾಯ್ತು? ಬಹುಮಾನ ಬರ್ಲಿಲ್ವಾ?"

ಡೆಲಿಯೊ ನಿಂತೇ ಹೇಳಿದ. ಗುಜರಿಯ ತುಂಡಿನಿಂದ ಹಿಡಿದು ಎಲ್ಲವನ್ನೂ ಹೇಳಿದ. ಸೆರಾಫಿಮ್ ಬಾಗಿಲಲ್ಲಿ ಕೈಕಟ್ಟಿಕೊಂಡು ಕೇಳುತ್ತಿದ್ದ. ಮುಗಿದ ಮೇಲೆ ಜುಲ್ಮೀರಾ ಕೈಯನ್ನು ಉಟ್ಟ ಬಟ್ಟೆಗೆ ನಿಧಾನವಾಗಿ ಒರೆಸಿಕೊಂಡಳು.

"ಆ ಫ್ರೀಜರ್ ಬಾಗಿಲು ತೆಗೆದಾಗೆಲ್ಲ ಮಾವನ ಮುಖ ನೆನಪಾಗ್ತಿತ್ತು ನನಗೆ. ಮಾರಿಬಿಡೋಣ ಅಂತ ಎಷ್ಟು ಸಲ ಅಂದ್ಕೊಂಡೆ. ನನ್ ಕೈತುತ್ತು ತಿಂದು ಬೆಳೆದೋನು ನೀನು. ನಾಲಿಗೆ ಹೆಂಗೆ ಬಂತೋ ನಿಂಗೆ?"

"ಅತ್ತಿಗೆ, ನಾನು ನಿಮ್ಮ ಹೆಸರು ಹೇಳ್ಲಿಲ್ಲ..."

"ಹೇಳ್ದೆ ಇದ್ರೇ ತಪ್ಪು ಹಗುರ ಆಗತ್ತಾ? ಅವನು ತಪ್ಪು ತನ್ನ ಮೇಲೆ ಹಾಕ್ಕೊಂಡಾಗ್ಲೇ ಬಾಯಿ ಬಿಡಬೇಕಾದೋನು ನೀನು." ಆಮೇಲೆ ಅವಳು ಗಂಡನ ಕಡೆ ತಿರುಗಿದಳು. "ನೀನೇನು ಅಲ್ಲಿ ನ್ಯಾಯಾಧೀಶನ ಹಂಗೆ ನಿಂತಿದೀಯ? ತುಂಡು ಕಬ್ಬಿಣ ನಂಬಿದೆ, ಕಟ್ಕೊಂಡ ಹೆಂಡ್ತೀನ ನಂಬಲಿಲ್ಲ. ನಿಂದೂ ಇದೆ ಪಾಲು."

ಸೆರಾಫಿಮ್ ತಲೆ ತಗ್ಗಿಸಿದ. ಅದನ್ನು ನೋಡುವುದು ಡೆಲಿಯೊನಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಅಣ್ಣ ಬೈಸಿಕೊಳ್ಳುತ್ತಿರುವುದೂ ತನ್ನಿಂದಲೇ.

ಜುಲ್ಮೀರಾ ಬಟ್ಟಲಿಗೆ ಬ್ರೆಡ್ಡು ಮುರಿದು ಹಾಕಿ, ಮೇಲೆ ಸಾರು ಹೊಯ್ದು ಡೆಲಿಯೊನ ಮುಂದೆ ಕುಕ್ಕಿದಳು. "ತಿನ್ನು. ಕ್ಷಮಿಸಿದೀನಿ ಅಂತ ತಿಳ್ಕೋಬೇಡ. ಹಸಿದು ಬಂದೋರನ್ನ ಹಂಗೇ ಕಳ್ಸೋದು ನಮ್ಮನೇಲಿ ಇಲ್ಲ."

ಡೆಲಿಯೊ ತಿಂದ. ಉಪ್ಪು ಖಾರ ಯಾವುದೂ ನಾಲಿಗೆಗೆ ಹತ್ತಲಿಲ್ಲ.

ಮರುವಾರ ಅವನು ಎಕ್ಸೆಟರಿಗೆ ಹೋದ. ಅಪ್ಪನ ಚಾಸಿಯನ್ನು ವಾಪಸು ಕೊಡು, ಬೇಕಾದ್ದು ಕೇಳು ಎಂದ. ಕರ್ಟಿಸ್ ನಕ್ಕು ಅವನನ್ನು ಒಳಗೆ ಕರೆದೊಯ್ದ. ಅಲ್ಲಿ ತಿಳಿಹಸಿರು ಬಣ್ಣದ ಟ್ರಕ್ಕೊಂದು ಕಾರ್ಖಾನೆಯಿಂದ ಆಗಷ್ಟೇ ಇಳಿದಂತೆ ನಿಂತಿತ್ತು. "ಇದರ ಹೊಟ್ಟೆ ಕೆಳಗಿದೆ ನಿಮ್ಮಪ್ಪನ ಚಾಸಿ. ಕೂತ ಮೇಲೆ ಎಬ್ಬಿಸೋದು ಹೆಂಗಯ್ಯಾ?" ಡೆಲಿಯೊ ಬಗ್ಗಿ ನೋಡಿದ. ಕರ್ರಗೆ, ನೆಟ್ಟಗೆ, ಬೇರೆಯವರ ಭಾರ ಹೊತ್ತುಕೊಂಡು ಅದು ನಿಂತಿತ್ತು. ತನ್ನ ಟ್ರಕ್ಕಿನಲ್ಲಿ ಅಪ್ಪನದು ಎಂದು ಉಳಿದದ್ದು ಕುಳ್ಳಾದ ಒಂದು ಕ್ಯಾಬಿನ್ನು, ಮುಂದಿನ ಮೂತಿ, ಅಷ್ಟೆ.

ಆ ಶನಿವಾರ ಸೆರಾಫಿಮ್ ಶೆಡ್ಡಿಗೆ ಬಂದ. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತು ಕೈ ಚಾಚಿದ.

"ಬೀಗದ ಕೈ ಕೊಡು."

"ಅಣ್ಣಾ?"

"ಅಪ್ಪ ಅರ್ಧ ನನಗೆ ಕೊಟ್ಟಿದಾನೆ. ನಿನ್ನ ಅರ್ಧ ನೀನು ಎರಡು ವರ್ಷ ಇಟ್ಕೊಂಡೆ. ಇನ್ನು ನನ್ನ ಅರ್ಧ."

ಡೆಲಿಯೊ ಕೊಟ್ಟ.

ಅಣ್ಣ ಅದನ್ನು ಎಲ್ಲಾದರೂ ಹೊದಿಸಿ ನಿಲ್ಲಿಸುತ್ತಾನೆ, ಇಲ್ಲವೇ ಭಾನುವಾರ ಇಗರ್ಜಿಗೆ ತರುತ್ತಾನೆ ಎಂದು ಡೆಲಿಯೊ ಎಣಿಸಿದ್ದ. ಕೆಲವು ದಿನ ಬಿಟ್ಟು ಡೇರಿಗೆ ಹೋದರೆ, ನೇರಳೆ ಬಣ್ಣದ ಟ್ರಕ್ಕು ಹುಲ್ಲಿನ ಬಣವೆಯ ಪಕ್ಕ ನಿಂತಿತ್ತು. ಪಾಲಿಶ್ ಹಾಕಿದ ಓಕ್ ಹಲಗೆಯ ಮೇಲೆ ಕುದುರೆಮಸಾಲೆ ಹುಲ್ಲಿನ ಪಿಂಡಿಗಳು. ಪಿಂಡಿ ಕಟ್ಟಿದ ತಂತಿ ಉಜ್ಜಿ ಬಣ್ಣದ ಮೇಲೆ ಉದ್ದಕ್ಕೂ ಬಿಳಿ ಗೀರು.

"ನಿಂತ್ಕೊಂಡು ಏನ್ ನೋಡ್ತೀಯ? ಆ ಕಡೆ ಹಿಡಿ," ಎಂದ ಸೆರಾಫಿಮ್. "ಟ್ರಕ್ಕು ಅಂದ್ಮೇಲೆ ಹೊರಬೇಕು."

ಡೆಲಿಯೊ ಹಿಡಿದ. ಪಿಂಡಿಯನ್ನು ಮೆತ್ತಗೆ ಇಡಲು ನೋಡಿದ. ಅಣ್ಣ ತನ್ನ ತುದಿಯನ್ನು ದಡಾರನೆ ಬಿಟ್ಟ. ಮುಂದಿನದನ್ನು ಡೆಲಿಯೊನೂ ದಡಾರನೆ ಬಿಟ್ಟ.

ಆಮೇಲೆ ಅವನು ಪ್ರತಿ ಶನಿವಾರ ಹೋಗತೊಡಗಿದ. ಕರೆದವರಿಲ್ಲ, ಬೇಡ ಎಂದವರೂ ಇಲ್ಲ. ಸೆರಾಫಿಮ್ ಕೆಲಸದ ಮಾತು ಬಿಟ್ಟು ಬೇರೆ ಆಡುತ್ತಿರಲಿಲ್ಲ. ಮೊದಲಿನಂತೆ ಬೆನ್ನ ಮೇಲೆ ಗುದ್ದುತ್ತಿರಲಿಲ್ಲ, ತಮಾಷೆ ಮಾಡುತ್ತಿರಲಿಲ್ಲ. ಗೀರುಗಳು ಹೆಚ್ಚಿದವು. ಬಾಗಿಲಿನ ಮೇಲೆ ಹಸುವೊಂದು ಒದ್ದ ಗುಳಿ ಬಿತ್ತು. ಪ್ರತಿಯೊಂದನ್ನೂ ಡೆಲಿಯೊ ನೋಡಿದ, ಒಂದನ್ನೂ ಸರಿಪಡಿಸಲು ಹೋಗಲಿಲ್ಲ. ಮೊದಮೊದಲು ಉರಿಯುತ್ತಿತ್ತು. ಕ್ರಮೇಣ, ಇನ್ನೂ ಬೀಳಲಿ ಎನ್ನಿಸತೊಡಗಿತು.

ಬೇಸಿಗೆಯ ಒಂದು ಬೆಳಿಗ್ಗೆ ಕಾಲುವೆಯ ಆಚೆಗಿನ ಬಯಲಲ್ಲಿ ಹಸುವೊಂದು ಈದಿತ್ತು. ಕರು ತರಲು ಅಣ್ಣ ತಮ್ಮ ಇಬ್ಬರೂ ಟ್ರಕ್ಕಿನಲ್ಲಿ ಹೋದರು. ವಾಪಸು ಬರುವಾಗ ಕಾಲುವೆಯ ಏರಿ ಹತ್ತಿದ ಟ್ರಕ್ಕು, ನೆಲಕ್ಕೆ ಇಳಿಸಿದ ಹೊಟ್ಟೆ ಮಣ್ಣಿಗೆ ತಾಗಿ, ತಕ್ಕಡಿಯಂತೆ ಏರಿಯ ನೆತ್ತಿಯಲ್ಲಿ ಕೂತುಬಿಟ್ಟಿತು. ಹಿಂದಿನ ಚಕ್ರ ಗಾಳಿಯಲ್ಲಿ ತಿರುಗಿತು. ಡೆಲಿಯೊನ ತೊಡೆಯ ಮೇಲಿದ್ದ ಕರು ಬೆದರಿ, ಬಿಳಿ ಚರ್ಮದ ಸೀಟಿನ ಮೇಲೆಲ್ಲ ಹಳದಿಯಾಗಿ ಕಕ್ಕ ಮಾಡಿತು.

ಸೆರಾಫಿಮ್ ಇಳಿದು ಒಂದು ಸುತ್ತು ಬಂದು ನೋಡಿದ. ಅವನ ಭುಜ ಅಲುಗತೊಡಗಿತು. ನಗುತ್ತಿದ್ದಾನೆಂದು ಡೆಲಿಯೊನಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಮೊದಲ ಬಹುಮಾನ!" ಎಂದ ಸೆರಾಫಿಮ್, ಏರಿಯ ಮೇಲೆ ಕುಕ್ಕರಿಸಿ ಕೂತು. "ಹೋಗಿ ನಿಮ್ಮತ್ತಿಗೇನ ಕರ್ಕೊಂಡು ಬಾ. ಮೂರು ಜನ ತಳ್ಳಿದ್ರೆ ಇಳೀಬಹುದು."

ಡೆಲಿಯೊ ಕರುವನ್ನು ಹೆಗಲ ಮೇಲೆ ಹಾಕಿಕೊಂಡು ಮನೆಯ ಕಡೆ ನಡೆದ. ಅಣ್ಣ ನಕ್ಕಿದ್ದ. ಆದರೆ ಅದರಿಂದ ಎದೆಯ ಭಾರ ಇಳಿಯಲಿಲ್ಲ, ನಕ್ಕದ್ದಕ್ಕೇ ಇನ್ನಷ್ಟು ಕೂತಿತು. ಬಿಸಿಲು ಆಗಲೇ ಚುರುಕಾಗಿತ್ತು. ಬೆನ್ನ ಮೇಲೆ ಕರುವಿನ ಗಂಜಲ ಬೆಚ್ಚಗೆ ಇಳಿಯಿತು. ಅವನು ಒರೆಸಿಕೊಳ್ಳಲಿಲ್ಲ. ಕರುವಿನ ಕಾಲುಗಳನ್ನು ಇನ್ನೂ ಭದ್ರವಾಗಿ ಹಿಡಿದುಕೊಂಡು, ದೂರದಿಂದಲೇ, "ಅತ್ತಿಗೇ," ಎಂದು ಕೂಗಿದ.